ಜೋಶಣ್ಣನ ನಿಧಾನದ ಹಾಡು

ಟೇಬಲ್ ಫ್ಯಾನ್ ಕಂಪನಿಯಲ್ಲಿ ಎಲ್ಲರೂ ಅವನನ್ನು ಜೋಶಣ್ಣ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಚೀಟಿಗೆ ಮಾತ್ರ ಬೇಕಾಗುತ್ತಿತ್ತು. ನಾಳೆ ಅವನ ನಿವೃತ್ತಿ ಸಮಾರಂಭ. ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಹೆಂಡತಿ ತಲೆಯೆತ್ತದೆ ಹೇಳಿದಳು:

"ರೀ, ನಾಳೆ ನಾನೂ ಬರ್ತೀನಿ. ಆದ್ರೆ ಆ ಹಾಡನ್ನ ಒಂದೇ ಒಂದ್ಸಲ ಮೊದಲಿನ ಥರ ಹಾಡ್ಬೇಕು. ಕಂಪನಿಗಲ್ಲ, ನಂಗೆ."

ಯಾವ ಹಾಡು ಎಂದು ಅವನು ಕೇಳಲಿಲ್ಲ. ಕೇಳುವ ಮುಖ ಎಲ್ಲಿತ್ತು!

ಆ ಹಾಡಿನ ಕಾಲಕ್ಕೆ ಅವನು ಮೀಸೆ ಚಿಗುರಿದ ಸೇಲ್ಸ್ ಹುಡುಗ, ಅವಳು ಅದೇ ಕಂಪನಿಯ ಟೆಲಿಫೋನ್ ಆಪರೇಟರ್. ಊಟದ ಬಿಡುವಿನಲ್ಲಿ ಇಬ್ಬರೂ ಹಿಂದಿನ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದರು. ಆ ವರ್ಷ ಎಲ್ಲರ ಬಾಯಲ್ಲೂ ಒಂದೇ ಸಿನಿಮಾ ಹಾಡು. ಅದರಲ್ಲಿ ಪ್ರೇಮಿ ಏನೋ ಕೇಳುತ್ತಾನೆ, ಸಾಲಿನ ಕೊನೆಗೆ ಉತ್ತರ ಕಾಯುತ್ತಾ ತುಸು ಸುಮ್ಮನಾಗುತ್ತಾನೆ, ಹುಡುಗಿ ಮುಂದಿನ ಸಾಲು ಹಿಡಿಯುತ್ತಾಳೆ. ಇವನು ಹಾಡಿ ಸುಮ್ಮನಾದರೆ ಇವಳು ಹಿಡಿಯುತ್ತಿದ್ದಳು. ತೆಳ್ಳನೆಯ, ತಿಳಿಯಾದ ದನಿ. ಮೇಲಿನ ಮಹಡಿಯ ಗುಮಾಸ್ತರು ಕೈತೊಳೆಯುವ ನಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ಮದುವೆಯ ಮಾತನ್ನೂ ಅವರು ಬೇರೆಯಾಗಿ ಆಡಲಿಲ್ಲ. ಎಲ್ಲ ಆ ಹಾಡಿನಲ್ಲೇ ಮುಗಿದುಹೋಯಿತು.

ಎಡವಟ್ಟಾದದ್ದು ಮದುವೆಯಾದ ಮೇಲೆ. ಮೆಟ್ಟಿಲಿಳಿಯುತ್ತಿದ್ದ ಸೇಲ್ಸ್ ಮ್ಯಾನೇಜರರ ಕಿವಿಗೆ ಹಾಡು ಬಿತ್ತು. "ಚೆನ್ನಾಗಿದೆ ಕಣಯ್ಯಾ, ಸ್ವಲ್ಪ ಓಡಿಸು ಇದನ್ನ" ಎಂದರು. ಆ ವರ್ಷದ ಸೇಲ್ಸ್ ಸಭೆಯಲ್ಲಿ ಹಾಡು ಬಾಲಕ್ಕೆ ಬೆಂಕಿ ಬಿದ್ದ ಹಾಗೆ ಓಡಿತು. ಹಾಡಿನ ಮಾತುಗಳಲ್ಲಿ ಹುಡುಗಿ ಇದ್ದ ಜಾಗಕ್ಕೆ ಫ್ಯಾನು ಬಂತು. ಪ್ರೇಮಿ ಸುಮ್ಮನಾಗುವಲ್ಲಿ ಇವನು ಮುಷ್ಟಿ ಎತ್ತಬೇಕು, ಸಭೆಗೆ ಸಭೆಯೇ ಎದ್ದು ಮೂರು ಚಪ್ಪಾಳೆ ತಟ್ಟಿ "ಇನ್ನೂ ಒಂದು!" ಎಂದು ಕೂಗಬೇಕು. ಇನ್ನೂ ಒಂದು ಫ್ಯಾನು ಮಾರಿಯೇ ತೀರುತ್ತೇವೆ ಎಂದು ಅರ್ಥ. ಮಾರಿದರು ಕೂಡ, ಸುಳ್ಳು ಯಾಕೆ ಹೇಳಬೇಕು! ಇವನಿಗೆ ಬಡ್ತಿ ಸಿಕ್ಕಿತು, ಜೋಶಣ್ಣ ಎಂಬ ಬಿರುದೂ ಸಿಕ್ಕಿತು. ವರ್ಷ ವರ್ಷವೂ ಅದೇ ಹಾಡು, ಅದೇ ಮುಷ್ಟಿ.

ಮೊದಲ ಸಭೆ ನೋಡಿ ಮನೆಗೆ ಬಂದ ಹೆಂಡತಿ ಜಗಳವಾಡಲಿಲ್ಲ. ಹಾಡುವುದನ್ನು ಬಿಟ್ಟಳು, ಅಷ್ಟೇ. ಅಡುಗೆಮನೆಯಲ್ಲಿ ಗುನುಗುವುದೂ ನಿಂತಿತು. ಮಗಳನ್ನು ಮಲಗಿಸುವಾಗ ಬೆನ್ನು ತಟ್ಟುತ್ತಾ ಬರಿಯ "ಶ್ಶ್" ಎನ್ನುತ್ತಿದ್ದಳು. ಯಾಕೆಂದು ಇವತ್ತು ಕೇಳೋಣ, ನಾಳೆ ಕೇಳೋಣ ಎನ್ನುತ್ತಲೇ ಈ ಮಹಾಶಯನ ತಲೆ ಬೆಳ್ಳಗಾಯಿತು.

ಈಗಿನ ಸಭೆಗಳ ಗಮ್ಮತ್ತೇ ಬೇರೆ. ಡಿಜೆ ಬರುತ್ತಾನೆ, ವೇದಿಕೆಗೆ ಹೊಗೆ ಬಿಡುತ್ತಾರೆ, ಯಾವುದೋ ಹೊಸ ಹಾಡಿಗೆ ಹುಡುಗ ಹುಡುಗಿಯರು ಕುರ್ಚಿ ಸರಿಸಿ ಕುಣಿಯುತ್ತಾರೆ. ಮರುದಿನ ಅಂಥ ಸಭೆಯಲ್ಲೇ ಜೋಶಣ್ಣನಿಗೆ ಹಾರ ಹಾಕಿದ್ದಾಯಿತು. ಅವನು ಮೈಕ್ ಹಿಡಿದು, ಡಿಜೆಗೆ ಕೈಸನ್ನೆ ಮಾಡಿ ಎಲ್ಲ ನಿಲ್ಲಿಸಿದ. ಮುಂದಿನ ಸಾಲಿನಲ್ಲಿ ಹೆಂಡತಿ ಕೂತಿದ್ದಳು. ಅವನು ಕಣ್ಣು ಮುಚ್ಚಿ, ಹಳೆಯ ನಿಧಾನದಲ್ಲಿ, ಹಳೆಯ ಮಾತುಗಳಲ್ಲೇ ಶುರು ಮಾಡಿದ. ಗಂಟಲು ಪರವಾಗಿಲ್ಲ ಎನಿಸಿತು. ಸಾಲು ಮುಗಿಯಿತು. ಸುಮ್ಮನಾದ.

ಆದರೆ ಕೈ ಸುಮ್ಮನಿರಬೇಕಲ್ಲ! ಹಾಳು ಮುಷ್ಟಿ ತಾನಾಗಿಯೇ ಮೇಲೆದ್ದಿತು. ಹಿಂದಿನ ಸಾಲುಗಳಲ್ಲಿದ್ದ ಹಳಬರು, ಮಂಡಿನೋವಿನವರೂ ಸೇರಿ, ದಡಬಡನೆ ಎದ್ದು ಚಪ್ಪಾಳೆ ತಟ್ಟಿದರು. "ಇನ್ನೂ ಒಂದು!"

ಹೊಸಬರು ಶಿಳ್ಳೆ ಹೊಡೆದರು. ಜೋಶಣ್ಣ ಕಣ್ಣು ಬಿಟ್ಟರೆ ಹೆಂಡತಿ ತಲೆ ತಗ್ಗಿಸಿದ್ದಳು. ಅವಳು ಜೀವಮಾನದಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದು, ಅದನ್ನೂ ಕೆಡಿಸಿದ್ದ.

ಮೈಕನ್ನು ಮೇಜಿನ ಮೇಲಿಟ್ಟು ಕೆಳಗಿಳಿದು ಬಂದ. ಅವಳೆದುರು ವೇದಿಕೆಯ ಮೆಟ್ಟಿಲ ಮೇಲೆ ಕೂತ.

"ತಪ್ಪಾಯ್ತು ಕಣೇ" ಎಂದ. ಮತ್ತೆ ಮೊದಲಿನಿಂದ ಹಾಡಿದ, ಅವಳಿಗಷ್ಟೇ ಕೇಳುವ ಹಾಗೆ.

"ಜೋಶಣ್ಣಾ, ಕೇಳಿಸ್ತಿಲ್ಲ!" ಹಿಂದಿನಿಂದ ಯಾರೋ ಕೂಗಿದರು.

"ನಿಮಗಲ್ಲಪ್ಪಾ" ಎಂದ, ತಿರುಗಿಯೂ ನೋಡದೆ.

ಸಾಲು ಮುಗಿಯಿತು. ಕೈಗಳೆರಡನ್ನೂ ತೊಡೆಯ ಕೆಳಗೆ ಒತ್ತಿಕೊಂಡು ಕಾದ. ಅವಳು ತಲೆ ಎತ್ತಲಿಲ್ಲ. ಇಷ್ಟು ವರ್ಷದ ಮುನಿಸು ಒಂದು ಸಂಜೆಗೆ ಇಳಿದೀತೇ ಎಂದುಕೊಂಡು ಅವನು ಏಳಲು ಹೊರಟ.

ಅಷ್ಟರಲ್ಲಿ ಅವಳು ಮುಂದಿನ ಸಾಲು ಹಿಡಿದಳು.

ಒಂದು ಕ್ಷಣ ಅವಳ ಹಿಂದೆ ಬೇರೆ ಯಾರೋ ಹಾಡುತ್ತಿದ್ದಾರೆ ಎಂದುಕೊಂಡ. ದಪ್ಪ ದನಿ, ನಡುವೆ ಒಡೆಯುವ ದನಿ, ಅರ್ಧ ಸಾಲಿಗೆ ಉಸಿರು ಎಳೆದುಕೊಳ್ಳುವ ದನಿ. ಅವನ ಕಿವಿಯಲ್ಲಿ ಇದ್ದದ್ದು ಮೆಟ್ಟಿಲ ಮೇಲಿನ ಹುಡುಗಿಯ ದನಿ. ಅದು ಯಾವ ವರ್ಷ ದಪ್ಪವಾಯಿತು? ಮೇಲಿನ ಸ್ವರ ಯಾವಾಗ ಒಡೆಯಿತು? ಒಂದೇ ಮನೆಯಲ್ಲಿ, ಒಂದೇ ಸೂರಿನ ಕೆಳಗೆ ಇದ್ದೂ ಅವನಿಗೆ ಗೊತ್ತಾಗಿರಲಿಲ್ಲ. ಕೂದಲು ನರೆತದ್ದನ್ನು ಕಂಡಿದ್ದ, ಕೈ ಸುಕ್ಕಾದದ್ದನ್ನು ಕಂಡಿದ್ದ. ಈ ಹಾಡುವ ದನಿ ಮಾತ್ರ ಯಾರ ಕಿವಿಗೂ ಬೀಳದೆ ಒಳಗೊಳಗೇ ಮುದಿಯಾಗಿತ್ತು.

ಅವನು ಅತ್ತುಬಿಟ್ಟ. ಇಡೀ ಕಂಪನಿಯ ಮುಂದೆ, ನಾಚಿಕೆಯಿಲ್ಲದೆ, ಕೊರಳಲ್ಲಿ ಹಾರ ಹಾಕಿಕೊಂಡು ಅತ್ತ. ಅವಳ ಸಾಲು ಮುಗಿಯಿತು. ಅವನ ಗಂಟಲಿನಿಂದ ಏನೂ ಹೊರಡಲಿಲ್ಲ.

"ಹಾಡ್ರೀ" ಎಂದಳು ಅವಳು. "ಕಾಯ್ತಿದೀನಿ."