ಮಾವ ಕೂತಾಗ ಕೆಡದ ಕಂಪ್ಯೂಟರು

ವರನ ಸೋದರಮಾವಂದಿರ ಹೆಸರು ಹೊಡೆಯುತ್ತಿದ್ದಾಗ ಪರದೆ ಮತ್ತೆ ಕಪ್ಪಾಯಿತು. ನೀಲಾಂಬಿಕ ಕೀಲಿಗಳ ಮೇಲಿನ ಬೆರಳು ತೆಗೆಯದೆ ಹಾಗೇ ಕೂತಳು. ಪ್ರತಿ ಸಲವೂ ಹೀಗೆಯೇ. ಮೊದಲು ಸ್ಟೆಬಿಲೈಸರಿನಿಂದ ಟಿಕ್ ಎಂದು ಸಣ್ಣ ಸದ್ದು, ಆಮೇಲೆ ಕತ್ತಲೆ, ಆಮೇಲೆ ಯಾರೂ ಮುಟ್ಟದೆಯೇ ಕಂಪ್ಯೂಟರು ಮೊದಲಿನಿಂದ ಶುರುವಾಗುವುದು. ಶುರುವಾದ ಮೇಲೆ ನೀಲಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ, ಹಿಂದಿನ ಸಲ ನೀವು ಇದನ್ನು ಸರಿಯಾಗಿ ಮುಚ್ಚಲಿಲ್ಲ ಎಂದು ಅವಳ ಮೇಲೆಯೇ ತಪ್ಪು ಹೊರಿಸುವುದು. ಲಗ್ನಪತ್ರಿಕೆಯಲ್ಲಿ ಮನೆದೇವರ ಹೆಸರು ಉಳಿದಿತ್ತು, ಮುಹೂರ್ತ ಉಳಿದಿತ್ತು. ಸುಖಾಗಮನ ಬಯಸುವವರೆಲ್ಲ ಹೋಗಿದ್ದರು.

ಅದು ತೊಂಬತ್ತೆಂಟರ ಬೇಸಿಗೆ. ಉಳವಿಯಿಂದ ಒಳಕ್ಕೆ ಹೋಗುವ ಆ ಹಳ್ಳಿಯಲ್ಲಿ ಕಂಪ್ಯೂಟರು ಇದ್ದದ್ದು ಬೆನಕಪ್ಪನವರ ಮನೆಯಲ್ಲಿ ಮಾತ್ರ. ಅದು ಬಂದದ್ದು ಸೊಸೆಯ ಜೊತೆ. ನೀಲಾಂಬಿಕ ಶಿಕಾರಿಪುರದವಳು, ಮದುವೆಗೆ ಮುಂಚೆ ಅಲ್ಲಿಯ ಕಂಪ್ಯೂಟರ್ ಸೆಂಟರಿನಲ್ಲಿ ಕನ್ನಡ ಅಕ್ಷರ ಜೋಡಿಸುವುದನ್ನು ಕಲಿತಿದ್ದಳು. ಮದುವೆ ಮಾತುಕತೆಯಲ್ಲಿ ಅಳಿಯನಿಗೆ ಬೈಕು ಎಂದಾಗಿತ್ತು. ಅದರ ಬದಲು ನನಗೆ ಕಂಪ್ಯೂಟರು ಕೊಡಿಸಿ, ಮನೆಯಲ್ಲೇ ಕೂತು ಪ್ರೆಸ್ಸಿನವರಿಗೆ ಪತ್ರಿಕೆ ಜೋಡಿಸಿಕೊಡುತ್ತೇನೆ ಎಂದು ಅವಳೇ ಕೇಳಿದ್ದಳು. ಬೆನಕಪ್ಪನವರ ಮಗ ರೇಣುಕಾಪ್ರಸಾದ್ ಆಗ ಹೂಂ ಎಂದಿದ್ದ. ಊರೂರು ತಿರುಗಿ ಅಡಿಕೆ ಕೊಂಡು ಸೊರಬದ ಮಂಡಿಗೆ ಹಾಕುವ ವ್ಯಾಪಾರ ಅವನದು. ಬಸ್ಸು ತಪ್ಪಿದ ದಿನಗಳಲ್ಲಿ ಅವನಿಗೆ ಆ ಬೈಕು ನೆನಪಾಗುತ್ತಿತ್ತು. ಕಂಪ್ಯೂಟರು ಹೀಗೆ ಕೈಕೊಡಲು ಶುರುವಾದ ಮೇಲೆ ದಿನವೂ ನೆನಪಾಗುತ್ತಿತ್ತು.

ಪತ್ರಿಕೆ ಕೆಲಸ ಕೊಡುತ್ತಿದ್ದವರು ಶಿರಾಳಕೊಪ್ಪದ ಪ್ರೆಸ್ಸಿನ ಸದಾಶಿವಪ್ಪ. ಹೇಳಿದ ದಿನಕ್ಕೆ ಪತ್ರಿಕೆ ತುಂಬಿದ ಫ್ಲಾಪಿ ಬಾರದೆ ಎರಡು ಮದುವೆಯವರಿಂದ ಮಾತು ಕೇಳಿದ ಮೇಲೆ ಅವರೇ ಗುರುಪ್ರಕಾಶ್ ಎಂಬ ಹುಡುಗನನ್ನು ಕಳಿಸಿದರು. ಅವನು ಶಿರಾಳಕೊಪ್ಪದಲ್ಲಿ ಟೀವಿ ರಿಪೇರಿ ಮಾಡುತ್ತ, ಈಚೆಗೆ ಕಂಪ್ಯೂಟರಿಗೂ ಕೈಹಾಕಿದವನು. ಅವನು ಬಂದಾಗ ಬೆನಕಪ್ಪ ಗದ್ದೆಯಲ್ಲಿದ್ದರು. ಮನೆಗೆ ಯಾರೇ ಬರಲಿ, ಹಿರಿಯ ಕೈಕಾಲು ತೊಳೆದು ಬಂದು ಎದುರಿಗೆ ಕೂತು ಊರು, ಮಳೆ, ಬೆಳೆ ವಿಚಾರಿಸಬೇಕು. ಇಲ್ಲದಿದ್ದರೆ ಬಂದವರಿಗೆ ಮರ್ಯಾದೆ ಕೊಟ್ಟಂತಲ್ಲ. ಹೂವಮ್ಮ ಹಿತ್ತಲಿಗೆ ಹೋಗಿ ಕೂಗಿ ಗಂಡನನ್ನು ಕರೆಸಿದರು. ಬೆನಕಪ್ಪ ಬಂದರು, ಕೂತರು, ಹುಡುಗನ ತಂದೆಯ ಹೆಸರು ಕೇಳಿದರು. ಗುರುಪ್ರಕಾಶ ಡಬ್ಬದ ಮುಚ್ಚಳ ಬಿಚ್ಚಿದ, ಒಳಗಿನ ಮೆಮೊರಿ ಪಟ್ಟಿಗಳನ್ನು ಕಿತ್ತು ಅಕ್ಷರ ಒರೆಸುವ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದ, ಮೀಟರು ಹಿಡಿದು ಕರೆಂಟು ನೋಡಿದ. ಎಲ್ಲ ಸರಿಯಾಗಿತ್ತು. ಉಪ್ಪಿಟ್ಟು, ಕಾಫಿ ಮುಗಿಯುವ ತನಕ ಕಂಪ್ಯೂಟರು ಒಮ್ಮೆಯೂ ಮುಗ್ಗರಿಸಲಿಲ್ಲ.

ಅವನು ಹೋದ ಮಧ್ಯಾಹ್ನವೇ ಟಿಕ್ ಎಂದಿತು.

ಎರಡನೇ ಸಲ ಅವನು ಬಂದಾಗಲೂ ಅಷ್ಟೇ. ಮೂರನೇ ಸಲ ರೇಣುಕಾಪ್ರಸಾದ್ ಡಬ್ಬವನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಶಿರಾಳಕೊಪ್ಪಕ್ಕೇ ಒಯ್ದ. ಅಂಗಡಿಯಲ್ಲಿ ಅದು ವಾರವಿಡೀ ಬೆಳಗಿನಿಂದ ಸಂಜೆಯವರೆಗೆ ನಡೆಯಿತು. ಗುರುಪ್ರಕಾಶ ಅದರಲ್ಲಿ ಇಸ್ಪೀಟು ಆಡಿದನಂತೆ. ಏನೂ ಆಗಿಲ್ಲ, ಅಕ್ಕನೇ ಯಾವುದೋ ಕೀಲಿ ತಪ್ಪು ಒತ್ತುತ್ತಿರಬೇಕು ಎಂದು ಹೇಳಿ ಕಳಿಸಿದ. ನೀಲಾಂಬಿಕಳಿಗೆ ತನ್ನ ಬೆರಳುಗಳ ಮೇಲೆಯೇ ಅನುಮಾನ ಹುಟ್ಟಿತು. ಒಂದೊಂದೇ ಅಕ್ಷರವನ್ನು ನೋಡಿ ನೋಡಿ ಒತ್ತಿದಳು. ಟಿಕ್ ಎಂದಿತು. ಕೈ ಕಟ್ಟಿಕೊಂಡು, ಏನೂ ಒತ್ತದೆ ಸುಮ್ಮನೆ ಕೂತು ನೋಡಿದಳು. ಆಗಲೂ ಟಿಕ್ ಎಂದಿತು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಬಿಸಿಲಿಗೆ ಕಾಯುತ್ತದೆ ಎಂದು ರೇಣುಕಾಪ್ರಸಾದ್ ಮೇಜನ್ನು ಕಿಟಕಿಯಿಂದ ಒಳಗೆ ಸರಿಸಿದ. ಹೂವಮ್ಮ ಒಳಗೆ ಹಲ್ಲಿ ಸೇರಿದೆ ಎಂದರು, ಆಮೇಲೆ ಮುಖ ತೆಂಕಣಕ್ಕಿದೆ ಎಂದು ತಿರುಗಿಸಿದರು, ಕೊನೆಗೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಕೆಮ್ಮು ಬಂದದ್ದು ಎಲ್ಲರಿಗೂ. ಕಂಪ್ಯೂಟರಿಗೆ ಏನೂ ಆಗಲಿಲ್ಲ.

ಆಗ ರೇಣುಕಾಪ್ರಸಾದ್ ತೋಟಪ್ಪನ ಸುದ್ದಿ ತಂದ. ತೋಟಪ್ಪ ಸೊರಬದಲ್ಲಿ ಟೈಪಿಂಗ್ ಕಲಿಸುವವರು. ಈಗ ಕಂಪ್ಯೂಟರು ಇಡಬೇಕೆಂದಿದ್ದರು. ಅವರ ಬಳಿ ಒಂದು ಬೈಕು ಇತ್ತು. ಒಂದಕ್ಕೊಂದು ಬದಲು. ಯುಗಾದಿಗೆ ಮುಂಚೆ ಬಂದು ನೋಡುತ್ತಾರಂತೆ.

ನೀಲಾಂಬಿಕ ಎದುರಾಡಲಿಲ್ಲ. ಕೆಟ್ಟ ವಸ್ತುವಿನ ಪರವಾಗಿ ಏನು ಹೇಳುವುದು? ಆದರೆ ಅದು ಹೋದರೆ ತಾನು ಈ ಮನೆಯಲ್ಲಿ ಏನು ಮಾಡುವವಳು ಎಂಬುದು ಮಾತ್ರ ಹೊಳೆಯಲಿಲ್ಲ. ಸೆಗಣಿ, ಸೌದೆ, ಅಡುಗೆ ಅತ್ತೆಗೆ ಬರುವಷ್ಟು ಅವಳಿಗೆ ಎಂದೂ ಬರುವುದಿಲ್ಲ. ಇದೊಂದು ಅವಳಿಗೆ ಬರುತ್ತಿತ್ತು.

ಒಂದು ಬೆಳಿಗ್ಗೆ ಹೂವಮ್ಮ ರೊಟ್ಟಿ ತಟ್ಟುತ್ತ ತಟ್ಟುತ್ತ ಕೈ ನಿಲ್ಲಿಸಿದರು.

“ಅಲ್ಲ ಕಣೇ ನೀಲಾ, ನಿಮ್ ಮಾವ ಎದುರಿಗೆ ಕೂತಾಗ ಅದು ಒಂದಿನಾನೂ ಕೆಟ್ಟಿಲ್ಲ ನೋಡು. ಆ ಹುಡುಗ ಬಂದಾಗ್ಲೂ ಇವರು ಇದ್ರು. ನಿಮ್ಮಪ್ಪ ಬಂದಾಗ್ಲೂ ಇದ್ರು.”

“ಅದಕ್ಕೂ ಇದಕ್ಕೂ ಏನ್ ಸಂಬಂಧ ಅತ್ತೆ?”

“ನಂಗೇನ್ ಗೊತ್ತು. ಹಿರೇರು ಅಂದ್ರೆ ಹೆದರಿಕೆ ಐತೇನೋ. ನಿಂಗಂತೂ ಹೆದರಿಕೆ ಇಲ್ಲ, ಅದಕ್ಕಾದ್ರೂ ಇರ್ಲಿ.”

ನೀಲಾಂಬಿಕ ನಕ್ಕಳು. ಆದರೆ ಮಧ್ಯಾಹ್ನವೆಲ್ಲ ನೆನಪು ಕೆದಕಿದಳು. ಮಾವ ಕೂತಿದ್ದಾಗ ಕೆಟ್ಟ ಒಂದೇ ಒಂದು ಸಲ ಸಿಗಲಿಲ್ಲ. ಕೊನೆಗೆ ಬೆನಕಪ್ಪನವರನ್ನು ತಾನೇ ಕೇಳಿಕೊಂಡಳು. ಅವರಿಗೂ ಇದು ವಿಚಿತ್ರವೆನಿಸಿತು, ಆದರೆ ಬೇಡವೆನ್ನಲಿಲ್ಲ. ಮರುದಿನ ಹಣೆಗೆ ವಿಭೂತಿ ಹಚ್ಚಿಕೊಂಡು, ಎಲೆ ಅಡಿಕೆ ತಟ್ಟೆ ಹಿಡಿದು ಬಂದು ಕಂಪ್ಯೂಟರಿನ ಪಕ್ಕದ ಕುರ್ಚಿಯಲ್ಲಿ ಕೂತರು.

ಕಂಪ್ಯೂಟರು ಸಂಜೆಯವರೆಗೂ ಕೆಡಲಿಲ್ಲ. ಮರುದಿನವೂ ಕೆಡಲಿಲ್ಲ. ಬೆನಕಪ್ಪ ಕೈಬರಹದ ಕಾಗದ ಹಿಡಿದು ಹೆಸರು ಓದುವರು, ಅವಳು ಹೊಡೆಯುವಳು. ನಡುನಡುವೆ, ಈ ಅಣ್ಣತಮ್ಮಂದಿರಿಗೆ ಮಾತಿಲ್ಲ, ಒಂದೇ ಸಾಲಿನಲ್ಲಿ ಹಾಕಬೇಡ ಎನ್ನುವರು. ಈ ಮುದುಕಿ ಹೋಗಿ ಎಷ್ಟು ಕಾಲವಾಯಿತು, ಆಶೀರ್ವಾದ ಮಾಡುವವರಲ್ಲಿ ಹೇಗೆ ಬಂದಳು ಎಂದು ಕೇಳುವರು. ಉಳಿದಿದ್ದ ಪತ್ರಿಕೆಗಳಲ್ಲಿ ಅರ್ಧ ಮುಗಿದವು. ಸುದ್ದಿ ಊರಿಗೆ ಹಬ್ಬಿತು. ಪಕ್ಕದ ಗದ್ದೆಯ ಗುಡ್ಡಪ್ಪ, ಬೇಸಿಗೆಯ ಶುರುವಿನಲ್ಲೇ ನೀರಿನ ಮೋಟರು ಸುಟ್ಟು, ತಂತಿ ಸುತ್ತಿಸಲು ಶಿರಾಳಕೊಪ್ಪಕ್ಕೆ ವೈಂಡಿಂಗಿಗೆ ಕೊಟ್ಟು ಕೆಲಸವಿಲ್ಲದೆ ಇದ್ದವನು, ಜಗಲಿಗೆ ಬಂದು ಇಣುಕಿದ.

“ಏನ್ ಬೆನಕಣ್ಣ, ಕಂಪ್ಯೂಟರ್ ಕಾಯೋ ಕೆಲಸಕ್ಕೆ ಸೇರಿಯಂತೆ? ಎಮ್ಮೆ ಕಾದಂಗೇನಾ?”

“ಎಮ್ಮೆ ಆದ್ರೆ ಸಂಜೆಗೆ ಹಾಲು ಕೊಡ್ತದೆ,” ಎಂದರು ಬೆನಕಪ್ಪ. ಆದರೂ ಕುರ್ಚಿ ಬಿಟ್ಟು ಏಳಲಿಲ್ಲ.

ತೊಂದರೆಯಾದದ್ದು ಗದ್ದೆಯಲ್ಲಿ. ಹಳ್ಳದ ಪಕ್ಕದ ಬೇಸಿಗೆ ಭತ್ತಕ್ಕೆ ನೀರಿಲ್ಲದೆ ನೆಲ ಬಿರಿಯಲು ಶುರುವಾಯಿತು. ಬೆನಕಪ್ಪ ಮಗನನ್ನು ಕರೆದು, ಇವತ್ತೊಂದು ದಿನ ನೀನು ಹೋಗಿ ಮೋಟರು ಹಾಕು, ನಾನು ಇಲ್ಲಿ ಕೂತಿರಬೇಕು ಎಂದರು. ರೇಣುಕಾಪ್ರಸಾದ್ ಗೊಣಗುತ್ತ ಹೋದ. ಇತ್ತ ಮಾವ ವಧುವಿನ ತಂದೆಯ ಹೆಸರು ಓದಿದರು. ನೀಲಾಂಬಿಕ ಮೊದಲ ಅಕ್ಷರ ಒತ್ತಿದಳು. ಟಿಕ್. ಪರದೆ ಕಪ್ಪಾಯಿತು.

ಬೆನಕಪ್ಪ ಕಾಗದ ಹಿಡಿದುಕೊಂಡೇ ಪರದೆಯನ್ನೂ ಸೊಸೆಯನ್ನೂ ನೋಡಿದರು. ಅವರ ಮುಖದಲ್ಲಿ, ಬೀಗರ ಮನೆಯಲ್ಲಿ ಊಟಕ್ಕೆ ಕರೆಸಿಕೊಳ್ಳದೆ ಉಳಿದವರ ಸಂಕೋಚವಿತ್ತು.

“ನಾ ಎದ್ದಿಲ್ವಲ್ಲ ತಾಯಿ. ಇಲ್ಲೇ ಕೂತೀನಲ್ಲ.”

“ಹೌದು ಮಾವ. ನೀವು ಏನೂ ಮಾಡಿಲ್ಲ.”

ನಂಬದೆ ನಂಬಿದ್ದ ಒಂದು ಆಸರೆಯೂ ಹೋಗಿತ್ತು. ತೋಟಪ್ಪ ಬರುವುದು ಮರುದಿನವೇ. ಅವಳು ಕಂಪ್ಯೂಟರನ್ನು ಹಾಗೇ ಬಿಟ್ಟು, ಗಂಡನಿಗೆ ಬುತ್ತಿ ಕಟ್ಟಿಕೊಂಡು ಗದ್ದೆಗೆ ಹೋದಳು.

ಮೋಟರಿನ ಮನೆಯಲ್ಲಿ ರೇಣುಕಾಪ್ರಸಾದ್ ಕುಕ್ಕರುಗಾಲಲ್ಲಿ ಕೂತು, ತಿರುಗುವ ಮೋಟರಿನ ಮೈಮೇಲೆ ಆಗಾಗ ಕೈಯಿಟ್ಟು ನೋಡುತ್ತಿದ್ದ. ಪಕ್ಕದಲ್ಲಿ ಗೋಣಿಚೀಲ ಮುಚ್ಚಿದ ಒಂದು ಸಣ್ಣ ಡಬ್ಬಿ. ಅದು ಕಂಡೆನ್ಸರ್. ಹಗಲು ಊರಿಗೆ ಮೂರು ಫೇಸ್ ಕರೆಂಟು ಬರುವುದಿಲ್ಲ, ಎರಡೇ. ಅಷ್ಟರಲ್ಲಿ ಮೋಟರು ತಿರುಗದು. ಈ ಡಬ್ಬಿ ಸೇರಿಸಿದರೆ ಹೇಗೋ ತಿರುಗುತ್ತದೆ. ಆದರೆ ಕಾಯುತ್ತದೆ, ಬಿಟ್ಟು ಹೋದರೆ ಸುಟ್ಟೇ ಹೋಗುತ್ತದೆ. ಹಾಗಾಗಿ ಒಬ್ಬರು ಪಕ್ಕದಲ್ಲಿ ಕೂತಿರಬೇಕು, ಏಳುವಾಗ ಆರಿಸಿ ಏಳಬೇಕು. ಕಂಡೆನ್ಸರ್ ಹಾಕುವುದು ತಪ್ಪು, ಲೈನ್‌ಮನ್ ಕಂಡರೆ ಕಿತ್ತುಕೊಂಡು ಹೋಗುತ್ತಾನೆ. ಆದ್ದರಿಂದ ಎಲ್ಲರ ಮೋಟರಿನ ಮನೆಯಲ್ಲೂ ಇದ್ದ ಅದರ ಹೆಸರನ್ನು ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ.

ಬಿಟ್ಟು ಹೋಗುವಂತಿಲ್ಲ ಎಂಬುದು ನೀಲಾಂಬಿಕಳ ತಲೆಯಲ್ಲಿ ನಿಂತಿತು. ಹಾಗಾದರೆ ಮಾವ ಮನೆಗೆ ಬರುವಾಗಲೆಲ್ಲ ಇದನ್ನು ಆರಿಸಿಯೇ ಬರುತ್ತಿದ್ದರು.

“ನೀವು ಇದನ್ನ ಯಾವಾಗ ಹಾಕಿದ್ರಿ?” ಎಂದು ಕೇಳಿದಳು.

ಈಗ್ಗೆ ಸ್ವಲ್ಪ ಹೊತ್ತಾಯಿತು ಎಂದ ಅವನು. ಅವಳು ಬುತ್ತಿ ಇಟ್ಟು, ಮೋಟರು ಆರಿಸಿರಿ, ನಾನು ಮನೆಗೆ ಹೋಗಿ ಹಿತ್ತಲ ತಂತಿಗೆ ಕೆಂಪು ಸೀರೆ ಹರವುತ್ತೇನೆ, ಅದು ಕಂಡ ಮೇಲೆ ಹಾಕಿರಿ ಎಂದಳು. ಯಾಕೆ ಎಂದು ಅವನು ಕೇಳಿದ್ದಕ್ಕೆ, ಗೊತ್ತಿಲ್ಲ ಎಂದಳು. ಅದು ನಿಜವೂ ಆಗಿತ್ತು.

ಮನೆಗೆ ಬಂದು ಸೀರೆ ಹರವಿ, ಒಳಗೆ ಓಡಿ, ದೀಪದ ಗುಂಡಿಯನ್ನೂ ಒತ್ತಿ ಕಂಪ್ಯೂಟರಿನ ಮುಂದೆ ನಿಂತಳು. ಹಗಲಲ್ಲಿ ಆ ಮನೆಯಲ್ಲಿ ಯಾರೂ ದೀಪ ಹಾಕುತ್ತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಬಲ್ಬು ಕುಂಬಳಹೂವಿನ ಬಣ್ಣಕ್ಕೆ ಇಳಿಯಿತು. ಟಿಕ್ ಎಂದಿತು. ಪರದೆ ಕಪ್ಪಾಯಿತು.

ಸಂಜೆ, ಗದ್ದೆಯ ಮೋಟರು ಹಾಕಿದರೆ ಮನೆಯ ಕರೆಂಟು ಇಳಿಯುತ್ತದೆ ಎಂದು ಮೂವರಿಗೂ ಹೇಳಿದಳು. ಬೆನಕಪ್ಪನವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ನೀರು ಹೊಡೆಯುವುದು ಹಳ್ಳದಲ್ಲಿ, ಇದು ಇರುವುದು ಮನೆಯಲ್ಲಿ. ತಂತಿ ಎರಡಕ್ಕೂ ಒಂದೇ ಕಡೆಯಿಂದ ಬರುತ್ತದೆ ಎಂದು ತಿಳಿದಿದ್ದರೂ ಒಂದು ಎಳೆದುಕೊಂಡರೆ ಇನ್ನೊಂದಕ್ಕೆ ಕಮ್ಮಿಯಾಗುತ್ತದೆ ಎಂದು ಅವರು ಯೋಚಿಸಿರಲಿಲ್ಲ. ಹಾಗಾದರೆ ನಾನು ಕೂತದ್ದರಿಂದ ಅಲ್ಲ ಎಂದರು. ಆಮೇಲೆ, ಇನ್ನು ಮೇಲೆ ರಾತ್ರಿ ಮೂರು ಫೇಸ್ ಬಂದಾಗಲೇ ನೀರು ಹಾಯಿಸುತ್ತೇನೆ, ಹಗಲು ನಿನ್ನ ಕೆಲಸ ಮಾಡಿಕೋ ಎಂದರು.

ನೀಲಾಂಬಿಕ ಉಸಿರು ಬಿಡುವಷ್ಟರಲ್ಲಿ ರೇಣುಕಾಪ್ರಸಾದ್ ಮಾತಾಡಿದ.

“ಅಂದ್ರೆ ಮಷೀನು ಸರಿಯಾಗೇ ಐತೆ ಅಂತಾತು. ಸೊರಬದಲ್ಲಿ ಇದು ಕೆಡೋದೇ ಇಲ್ಲ. ತೋಟಪ್ಪರಿಗೆ ಧೈರ್ಯವಾಗಿ ಕೊಡಬಹುದು.”

ಇದನ್ನು ಅವಳು ಯೋಚಿಸಿರಲಿಲ್ಲ. ಕೆಟ್ಟದ್ದೆಂದು ಹೋಗಬೇಕಾಗಿದ್ದ ಕಂಪ್ಯೂಟರು ಈಗ ಒಳ್ಳೆಯದೆಂದು ಹೋಗುವಂತಾಗಿತ್ತು. ತಾನು ಕಂಡುಹಿಡಿದದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಅವಳಿಗೆ ತಿಳಿಯಲಿಲ್ಲ.

ತೋಟಪ್ಪ ತಮ್ಮ ಬೈಕಿನಲ್ಲೇ ಬಂದರು. ಬೆನಕಪ್ಪ ಎದುರಿಗೆ ಕೂತರು. ಮಾತಿನ ನಡುವೆ ತೋಟಪ್ಪನ ತಮ್ಮ ಕರೆಂಟಿನ ಆಫೀಸಿನಲ್ಲಿ ಕೆಲಸಕ್ಕಿದ್ದಾನೆಂದು ತಿಳಿಯಿತು. ನೀಲಾಂಬಿಕ ಕಂಪ್ಯೂಟರು ಹಾಕಿ, ಮುಗಿಸಿದ ಒಂದು ಲಗ್ನಪತ್ರಿಕೆ ತೆರೆದು ತೋರಿಸಿದಳು. ತೋಟಪ್ಪ ಕನ್ನಡಕ ಸರಿಮಾಡಿಕೊಂಡು, ಅಕ್ಷರ ಮುದ್ದಾಗಿವೆ ಎಂದು ಮೆಚ್ಚಿದರು. ಇದನ್ನು ನಿಮ್ಮ ಹುಡುಗರಿಗೆ ಕಲಿಸಬಹುದು ಎಂದು ರೇಣುಕಾಪ್ರಸಾದ್ ಹೇಳುತ್ತಿದ್ದಂತೆಯೇ ಟಿಕ್ ಎಂದಿತು.

ಬೆನಕಪ್ಪ ಇಲ್ಲೇ ಇದ್ದರು, ರೇಣುಕಾಪ್ರಸಾದ್ ಇಲ್ಲೇ ಇದ್ದ, ಅವರ ಮೋಟರು ಆರಿತ್ತು. ನಿನ್ನೆ ಕಂಡದ್ದೂ ಸುಳ್ಳೇ ಎಂದುಕೊಂಡಳು ನೀಲಾಂಬಿಕ. ಆಮೇಲೆ ಹಿತ್ತಲ ಕಡೆಯಿಂದ ಹೂವಮ್ಮ ಬಂದು, ಗುಡ್ಡಪ್ಪನ ಮೋಟರು ವೈಂಡಿಂಗಾಗಿ ಬಂದಿದೆಯಂತೆ, ಗದ್ದೆಗೆ ನೀರು ಬಿಟ್ಟಿದ್ದಾನೆ ಎಂದು ಬೇರೆ ಏನೋ ಮಾತಿಗೆ ಹೇಳಿದರು.

“ಇದೇನ್ರೀ ಇದು, ಹಿಂಗೆ ಆಗಾಗ ಆಗ್ತದಾ?” ಎಂದು ತೋಟಪ್ಪ ಕೇಳಿದರು.

ರೇಣುಕಾಪ್ರಸಾದ್ ಬಾಯಿ ತೆರೆದ. ಕಾರಣ ಅವನಿಗೆ ಗೊತ್ತಿತ್ತು. ಹೇಳಿದರೆ ಕಂಡೆನ್ಸರ್ ಎನ್ನಬೇಕು, ಗುಡ್ಡಪ್ಪನ ಹೆಸರು ಹೇಳಬೇಕು, ನಿಮಗೆ ಹೇಗೆ ಗೊತ್ತು ಎಂದರೆ ತಮ್ಮದನ್ನೂ ಹೇಳಬೇಕು. ಅವನು ಹೆಂಡತಿಯ ಕಡೆ ನೋಡಿದ. ನೀಲಾಂಬಿಕ ನೆಲ ನೋಡುತ್ತಿದ್ದಳು.

“ಆಗ್ತಾ ಇರ್ತದೆ,” ಎಂದ ಕೊನೆಗೆ.

ತೋಟಪ್ಪ ಕಾಫಿ ಕುಡಿದು, ಯೋಚಿಸಿ ಹೇಳಿ ಕಳಿಸುತ್ತೇನೆ ಎಂದು ಬೈಕು ಹತ್ತಿದರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತಿತ್ತು. ರೇಣುಕಾಪ್ರಸಾದ್ ಧೂಳು ಆರುವವರೆಗೂ ರಸ್ತೆಯ ಕಡೆ ನೋಡುತ್ತ ನಿಂತು, ಆಮೇಲೆ ಹೆಗಲಿಗೆ ಚೀಲ ಹಾಕಿಕೊಂಡು ಬಸ್ಸಿಗೆ ಹೋದ. ಸಿಟ್ಟು ಯಾರ ಮೇಲೆ ಮಾಡಬೇಕೆಂದು ಅವನಿಗೂ ತೋಚಿದಂತಿರಲಿಲ್ಲ.

ಗುಡ್ಡಪ್ಪನಿಗೆ ಏನೆಂದು ಹೇಳುವುದು, ಅವನ ಭತ್ತವೂ ಒಣಗುತ್ತಿದೆಯಲ್ಲ ಎಂದು ಬೆನಕಪ್ಪ ತಮಗೆ ತಾವೇ ಅಂದುಕೊಂಡರು. ಬಿಸಿಲು ಏರಿದಂತೆ ಅವನಾದ ಮೇಲೆ ಕೆಳಗಿನ ಗದ್ದೆಯವರೂ ಹಗಲು ಮೋಟರು ಹಾಕುವರು, ಅವರಾದ ಮೇಲೆ ಹಳ್ಳದಾಚೆಯವರು. ಸದಾಶಿವಪ್ಪನವರಿಗೆ ಫ್ಲಾಪಿ ನಾಳೆಯೇ ಮುಟ್ಟಬೇಕು. ನೀಲಾಂಬಿಕ ಕಂಪ್ಯೂಟರಿನ ಮುಂದೆ ಕೂತಳು. ಇನ್ನು ಮೇಲೆ ಒಂದು ಹೆಸರು ಹೊಡೆದು ಸೇವ್ ಮಾಡಿ ಉಳಿಸುವುದು, ಇನ್ನೊಂದು ಹೊಡೆದು ಉಳಿಸುವುದು ಎಂದುಕೊಂಡಳು. ಬೆನಕಪ್ಪ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು.

“ಈಗ ಕೂತು ಏನ್ ಉಪಯೋಗ ಮಾವ?”

“ಏನೂ ಇಲ್ಲ,” ಎಂದರು ಅವರು, ಕಾಗದವನ್ನು ಬೆಳಕಿಗೆ ಹಿಡಿಯುತ್ತ. “ವಧುವಿನ ಅಪ್ಪನ ಹೆಸರಿಗೆ ನಿಂತಿತ್ತು. ಬರ್ಕೋ.”