ಮುಚ್ಚಿದ ಬಾಗಿಲ ಹಿಂದಿನ ಕರೆಂಟು

ನಾನು ಒಂದು ಅನಲಾಗ್ ಸ್ವಿಚ್. ಗೋಡೆಯ ಮೇಲೆ ಟಕ್ ಎನ್ನುವ ಜಾತಿಯವನಲ್ಲ. ಉಗುರಿನಷ್ಟಿರುವ ಕಪ್ಪು ಚಿಪ್. ನನ್ನೊಳಗೆ ನಾಲ್ಕು ಬಾಗಿಲುಗಳಿವೆ. ದೂರದೇಶದ ಕಾರ್ಖಾನೆಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಉಪಕರಣ ತಯಾರಿಸುವ ವತ್ಸಲಾಳ ಕೈಗೆ ಬಂದೆ. ಅವಳು ನನ್ನ ಕಾಲುಗಳಿಗೆ ಬೆಸುಗೆ ಹಾಕಿ ಒಂದು ಪೆಟ್ಟಿಗೆಯೊಳಗೆ ಕೂರಿಸಿದಳು. ಅಲ್ಲಿಗೆ ನನ್ನ ಲೋಕಸಂಚಾರ ಮುಗಿಯಿತು.

ಪೆಟ್ಟಿಗೆ ಸೇರಿದ್ದು ರೇಷ್ಮೆ ಮೊಟ್ಟೆ ಕಾಪಿಡುವ ಶೀತಲಗೃಹಕ್ಕೆ. ನಾಲ್ಕು ಕೋಣೆ, ಕೋಣೆಗೊಂದು ಸೆನ್ಸರ್. ಕೋಣೆ ಬೆಚ್ಚಗಾದಷ್ಟೂ ಸೆನ್ಸರ್ ಹೆಚ್ಚು ಕರೆಂಟು ತಳ್ಳುತ್ತದೆ. ನಾನು ಒಂದು ಬಾಗಿಲು ತೆರೆದು ಆ ಕರೆಂಟನ್ನು ಮೀಟರಿಗೆ ಬಿಡಬೇಕು, ಉಳಿದ ಮೂರನ್ನು ಮುಚ್ಚಿರಬೇಕು. ಉಸ್ತುವಾರಿಯ ಜಬೀನಾ ಮೀಟರ್ ನೋಡಿ ತಂಪು ಹೊಂದಿಸುತ್ತಿದ್ದಳು.

ಬಾಗಿಲು ಮುಚ್ಚಿದರೆ ಕರೆಂಟು ಸುಮ್ಮನಾಗುತ್ತದೆ ಎಂದು ವತ್ಸಲಾ ತಿಳಿದಿದ್ದಳು. ಆ ಸೆನ್ಸರುಗಳಿಗೆ ಸುಮ್ಮನಿರಲು ಬರುವುದೇ ಇಲ್ಲ. ದಾರಿ ಕಾಣದ ಕರೆಂಟು ಬಾಗಿಲಿಗೆ ಒತ್ತಿ ಒತ್ತಿ ಕೊನೆಗೆ ನನ್ನ ಗೋಡೆಯೊಳಗೇ ನುಗ್ಗಿತು. ಆಗ ತೆರೆದಿದ್ದುದು ಮೊದಲ ಕೋಣೆಯ ಬಾಗಿಲು, ಸೋರಿದ್ದೆಲ್ಲ ಅದರ ಮೂಲಕ ಮೀಟರಿಗೆ ಹರಿದು ಆ ಕೋಣೆಯ ಲೆಕ್ಕಕ್ಕೆ ಸೇರಿತು. ನನಗೆ ಮೈಯೆಲ್ಲ ಉರಿ. ಓಡೋಣವೆಂದರೆ ಕಾಲು ಬೆಸೆದಿದ್ದಾರೆ, ಕೂಗೋಣವೆಂದರೆ ಬಾಯಿಲ್ಲ.

ಮೀಟರ್ ಏರಿತು. ಜಬೀನಾ ತಂಪು ಹೆಚ್ಚಿಸಿದಳು. ಆಮೇಲೆ ಗಾಬರಿಯಾಗಿ ವತ್ಸಲಾಳನ್ನು ಕರೆಸಿದಳು.

"ಮೇಡಂ, ಒಳಗೆ ಕೈ ಮರಗಟ್ತದೆ, ಮೀಟರ್ ಮಾತ್ರ ಬೆಚ್ಚಗದೆ ಅಂತದೆ. ಮೊಟ್ಟೆ ಸತ್ತೋದ್ರೆ ರೈತರಿಗೆ ಏನ್ ಕೊಡ್ಲಿ?"

ಒಂದು ಸೆನ್ಸರ್ ಪರೀಕ್ಷಿಸುವಾಗ ಉಳಿದವನ್ನು ಕಿತ್ತಿಡುವುದು ವತ್ಸಲಾಳ ಶಿಸ್ತು. ಕಿತ್ತ ಕೂಡಲೇ ನನ್ನ ಮೇಲಿನ ಒತ್ತಡ ಹೋಯಿತು, ಮೀಟರ್ ನಿಜ ಹೇಳಿತು. "ವೈರ್ ಲೂಸ್ ಆಗಿತ್ತು ಅನ್ಸುತ್ತೆ. ಇನ್ನು ಮೀಟರನ್ನೇ ನಂಬಿ," ಎಂದು ಎಲ್ಲವನ್ನೂ ಮತ್ತೆ ಸಿಕ್ಕಿಸಿ ಹೊರಟಳು. ನನಗೆ ಅಳಲು ಬರುತ್ತಿದ್ದರೆ ಅಂದು ಅಳುತ್ತಿದ್ದೆ.

ಮೀಟರ್ ಮತ್ತೆ ಏರಿತು. ಜಬೀನಾ ಈ ಸಲ ನಂಬಿದಳು. ತಂಪನ್ನು ಇನ್ನೂ ಹೆಚ್ಚಿಸಿದಳು.

ಮೊದಲ ಕೋಣೆಯ ಮಂಜುಗಟ್ಟಿದ ಗೋಡೆ ಕಂಡು ಅವಳು ಮತ್ತೆ ಕರೆಸಿದಾಗ, ವತ್ಸಲಾ ಏನನ್ನೂ ಕೀಳುವ ಮೊದಲೇ ನನ್ನನ್ನು ಮುಟ್ಟಿದಳು. ಬೆರಳು ಸುಟ್ಟಿತು.

"ಬಾಗಿಲು ಹಾಕಿದ್ರೂ ಕರೆಂಟ್ ನಿಲ್ಲಲ್ಲ. ಅದಕ್ಕೆ ಹೋಗೋಕೆ ಇನ್ನೊಂದು ದಾರಿ ಕೊಡ್ಬೇಕಿತ್ತು," ಎಂದಳು ಮೆಲ್ಲಗೆ.

ನನ್ನ ಜಾಗಕ್ಕೆ ಬಂದ ಹೊಸ ಚಿಪ್‌ನಲ್ಲಿ ಕರೆಂಟು ಮೀಟರಿಗೆ ಹೋಗುತ್ತದೆ, ಇಲ್ಲವೇ ಅರ್ಥ್ ತಂತಿಯಲ್ಲಿ ನೆಲಕ್ಕೆ. ಒಂದು ದಾರಿ ಮುಚ್ಚುವ ಮೊದಲು ಇನ್ನೊಂದು ತೆರೆಯುತ್ತದೆ. ಅದೃಷ್ಟವಂತ!

ಸುಟ್ಟ ನಾನು ಮರಿ ಮಾಡಿಸುವ ಬೆಚ್ಚನೆಯ ಕೋಣೆಯ ಕಿಟಕಿಯ ಕಟ್ಟೆಯ ಮೇಲಿದ್ದೇನೆ. ಜಬೀನಾ ಮೊದಲ ಕೋಣೆಯ ಮೊಟ್ಟೆ ಅಂಟಿದ ಹಾಳೆಗಳನ್ನು ಇಲ್ಲಿಯೇ ಹರಡಿದ್ದಾಳೆ. ಪಕ್ಕದ ತಟ್ಟೆಗಳಲ್ಲಿ ಮರಿಹುಳುಗಳು ಹರಿದಾಡುತ್ತಿವೆ. ಈ ಹಾಳೆಗಳಲ್ಲಿ ಒಂದು ಮೊಟ್ಟೆಯ ಚಿಪ್ಪೂ ಒಡೆದಿಲ್ಲ.

"ನಾಳೆ ನೋಡುವ," ಎನ್ನುತ್ತಾಳೆ ಜಬೀನಾ. ದಿನವೂ ಹಾಗೇ ಎನ್ನುತ್ತಾಳೆ.

ನನಗೀಗ ಕರೆಂಟಿಲ್ಲ, ಉರಿಯಿಲ್ಲ. ಆ ಹಾಳೆಗಳ ಮರಿಗಳು ಚಿಪ್ಪಿನೊಳಗೇ ಉಳಿದವು, ಹೊರಗೆ ಬಂದವನು ನಾನೊಬ್ಬನೇ.