ಓರಗಿತ್ತಿಗೆ ಕೊಟ್ಟ ಆಶೀರ್ವಾದ

ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ಗುಣವತಿ ಮ್ಯಾರಥಾನಿಗೆಂದು ಎಂಟು ತಿಂಗಳು ಬೆಳಗಿನ ಚಳಿಯಲ್ಲಿ ಓಡಿ ಮೈ ಸವೆಸಿದ್ದಳು. ಮೆಲ್ಬರ್ನಿನಲ್ಲಿದ್ದ ಓರಗಿತ್ತಿ ಅಶ್ವಿತಾ ಮೂರೇ ತಿಂಗಳ ಹಿಂದೆ ಬೂಟು ಕೊಂಡವಳು. ಆಗಲೇ ಇವಳಿಗಿಂತ ಜೋರಾಗಿ ಓಡುತ್ತಿದ್ದಳಂತೆ. ಅವಳಿಗಿಂತ ಒಂದು ಹೆಜ್ಜೆಯಾದರೂ ಮುಂದೆ ಮುಗಿಸಬೇಕು ಎಂಬುದೊಂದೇ ಗುಣವತಿಯ ಪ್ರಾರ್ಥನೆ.

ಮೆಲ್ಬರ್ನಿನ ಓಟದ ದಿನ, ಸಾವಿರಾರು ಜನರ ನಡುವೆ ಅಶ್ವಿತಾ ಬಗ್ಗಿ ಗುಣವತಿಯ ಕಾಲು ಮುಟ್ಟಿದಳು. "ಅಕ್ಕ, ಆಶೀರ್ವಾದ ಮಾಡಿ."

"ಎಂತ ಮಾರಾಯ್ತಿ, ಎಲ್ಲರೂ ನೋಡ್ತಿದ್ದಾರೆ, ಏಳು!"

"ನೀವು ಹೇಳದೆ ಏಳುದಿಲ್ಲ."

ಕಾಲಿಗೆ ಬಿದ್ದ ಕಿರಿಯಳನ್ನು ಹರಸದೆ ಎಬ್ಬಿಸುವುದುಂಟೇ? ಮದುವೆಮನೆಗಳಲ್ಲಿ ಪಳಗಿದ ನಾಲಗೆ ತಾನಾಗಿ ಆಡಿಬಿಟ್ಟಿತು: "ಗೆದ್ದು ಬಾ." ಆಡಿದ ಮೇಲೆ ಗುಣವತಿ ತುಟಿ ಕಚ್ಚಿಕೊಂಡಳು.

ಮೂವತ್ತನೆಯ ಕಿಲೋಮೀಟರಿನವರೆಗೆ ಅವಳೇ ಮುಂದಿದ್ದಳು. ಅಲ್ಲಿ ಅಶ್ವಿತಾ ಕೈಬೀಸುತ್ತ ದಾಟಿಹೋದಳು. ಗುಣವತಿ ಏದುಸಿರು ಬಿಡುತ್ತ ಕೊನೆ ಮುಟ್ಟಿದಾಗ ಓರಗಿತ್ತಿ ಕೊರಳಲ್ಲಿ ಪದಕ ಹಾಕಿಕೊಂಡು, "ಎಲ್ಲ ನಮ್ಮ ಅಕ್ಕನ ಬಾಯಿಯ ಪುಣ್ಯ!" ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು.

ಗುಣವತಿ ನಗುತ್ತ ಅವಳನ್ನು ತಬ್ಬಿಕೊಂಡಳು. ಒಳಗೊಳಗೇ ದೇವರೊಡನೆ ಜಗಳ: "ಕೃಷ್ಣಾ, ಬಾಯಿ ತಪ್ಪಿ ಆಡಿದ ಒಂದು ಮಾತು ಕೇಳಿಸಿತು, ಮೂರು ತಿಂಗಳಿಂದ ಹೊಟ್ಟೆಯಲ್ಲಿ ಉರಿದದ್ದು ನಿನಗೆ ಕೇಳಿಸಲೇ ಇಲ್ಲವೇ?"